ನಾಲ್ಕು ಪಿನ್ನಿನ ಕಾಗದ

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

'ಇಲ್ಲಿ ನಾವೆಲ್ಲರೂ ಕ್ಷೇಮ' ಎಂದು ಬರೆದು, ಆಮೇಲೆ ಆ ಸಾಲನ್ನು ಹೊಡೆದು ಹಾಕಿದೆ. ಮೇಲೆ ಕಾಣುವ ಕಪ್ಪು ಗೀಟು ಅದೇ. ಸುಳ್ಳು ಬರೆದರೆ ನಿಮ್ಮ ಕೆಂಪು ಪೆನ್ಸಿಲಿಗೆ ಮೊದಲು ಸಿಗುವುದು ಆ ಸಾಲೇ ಎಂದು ನನಗೆ ಗೊತ್ತು. ಮೈಗೆ ಎಲ್ಲರೂ ಚೆನ್ನಾಗಿಯೇ ಇದ್ದೇವೆ. ನಿಮ್ಮ ಮಗ ಒಳಗೆ ಭಾನುವಾರದ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ. ಮೊಮ್ಮಗಳು ಪುಟ್ಟಿ ಚಾಪೆಯ ಮೇಲೆ ಬಣ್ಣದ ಪೆನ್ಸಿಲ್ ಹರವಿಕೊಂಡು ಕೂತಿದ್ದಾಳೆ. ನನಗೆ ಮಾತ್ರ ಹೆದರಿಕೆ. ಅಕ್ಷರ ಸೊಟ್ಟಗಾದರೆ ಅದಕ್ಕೆ ಸುತ್ತು ಹಾಕಬೇಡಿ.

ಫೋನ್ ಮಾಡೋಣವೆಂದರೆ ನಿಮ್ಮ ಕಿವಿಯ ಯಂತ್ರಕ್ಕೂ ಫೋನಿಗೂ ಎಣ್ಣೆ ಸೀಗೆಕಾಯಿ. ಹೋದ ಸಲ 'ಮಗುವಿಗೆ ಜ್ವರ' ಎಂದು ನಾನು ಕೂಗಿದ್ದು ಕೆಳಗಿನ ಮನೆಯವರಿಗೆ ಕೇಳಿಸಿ ಅವರು ಮಾತ್ರೆ ಹಿಡಿದುಕೊಂಡು ಮೇಲೆ ಬಂದರು. ನಿಮಗೆ ಮಾತ್ರ ಕೇಳಿಸಲಿಲ್ಲ. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ನೀವು ಹೆಡ್ ಮಿಸ್ಟ್ರೆಸ್ ಆಗಿದ್ದ ನಮ್ಮ ಶಾಲೆಯ ಮಹಡಿಯಲ್ಲಿರುವ ಎರಡನೇ ತರಗತಿಯ ಕೋಣೆಯ ಗೋಡೆ ಬಿರುಕು ಬಿಟ್ಟಿದೆ, ಬಿರುಕು ದಿನದಿನಕ್ಕೆ ಅಗಲವಾಗುತ್ತಿದೆ. ನಿಮ್ಮ ಮೊಮ್ಮಗಳು ಕೂರುವುದು ಅದೇ ಕೋಣೆಯಲ್ಲಿ. ಗುರುವಾರ ನಾನು ಆ ಕೋಣೆಗೆ ಬೀಗ ಹಾಕಿಸಿದೆ. ಹಾಕಿಸಲು ನನಗೆ ಅಧಿಕಾರವಿರಲಿಲ್ಲ. ನಿಮ್ಮ ಹಳೆಯ ಹುದ್ದೆಯ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಟೈಪ್ ಮಾಡಿ, ಅದರ ಮೇಲೆ ನನ್ನ ಸಹಿ ಹಾಕಿದೆ. ನಾಳೆ ಬೆಳಿಗ್ಗೆ ಬೀಗ ತೆಗೆದು ಮಕ್ಕಳನ್ನು ಮತ್ತೆ ಅಲ್ಲಿ ಕೂರಿಸಬೇಕು ಎಂದು ಶಾಲಾ ಸಮಿತಿಯ ಕಾರ್ಯದರ್ಶಿಗಳ ಅಪ್ಪಣೆ ಆಗಿದೆ.

ನಿಮಗೆ ನೆನಪಿದೆಯೇ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಶಾಲೆಯ ಇಂಗ್ಲಿಷ್ ಕಾಗದಗಳನ್ನು ಮನೆಯಲ್ಲಿ ಟೈಪ್ ಮಾಡಿಕೊಡುತ್ತಿದ್ದೆ. ಅತ್ತೆಗೆ ಗೌರವ ಎಂದುಕೊಂಡು 'ಹೆಡ್ ಮಿಸ್ಟ್ರೆಸ್' ಎಂಬುದು ಎಲ್ಲಿ ಬಂದರೂ ಇಂಗ್ಲಿಷಿನ ದೊಡ್ಡಕ್ಷರವನ್ನೇ ಕುಟ್ಟುತ್ತಿದ್ದೆ. ನೀವು ಕನ್ನಡಕ ಏರಿಸಿ, ಕೆಂಪು ಪೆನ್ಸಿಲಿನಿಂದ ಒಂದೊಂದನ್ನೂ ಸುತ್ತಿ ವಾಪಸು ಕೊಟ್ಟಿರಿ. "ನೋಡಮ್ಮ, ಹೆಸರಿನ ಮುಂದೆ ಬಂದ್ರೆ ದೊಡ್ಡದು. ಒಂಟಿಯಾಗಿ ಬಂದ್ರೆ ಚಿಕ್ಕದು. ಮನುಷ್ಯರು ಜೊತೆಗಿದ್ರೆ ಹುದ್ದೆಗೆ ಮರ್ಯಾದೆ. ಬರೀ ಕುರ್ಚಿಗೆ ಯಾತಕ್ಕೆ?" ಎಂದಿದ್ದಿರಿ. ಒಂದು ಕಡೆ ಮಾತ್ರ ನಿಯಮ ಮುರಿಯುತ್ತಿದ್ದಿರಿ: ಆದೇಶದ ಕೊನೆಯಲ್ಲಿ, ಸಹಿಯ ಕೆಳಗೆ. ಅಲ್ಲಿ ಇಡೀ ಪದ ದೊಡ್ಡಕ್ಷರದಲ್ಲೇ ಇರಬೇಕು. ಏಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ನಾನು ಮಾತಾಡ್ತಿಲ್ಲ, ತಲೆ ಕೊಡ್ತಿದ್ದೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಹಿಡೀಬೇಕು ಅಂತ ದೂರದಿಂದ್ಲೇ ಕಾಣ್ಬೇಕಲ್ಲ" ಎಂದಿರಿ. ಆಗ ನಗು ಬಂದಿತ್ತು. ದರ್ಜಿಯ ರಸೀದಿಯನ್ನೂ ಬಿಡದೆ ತಿದ್ದುತ್ತಿದ್ದ ಅತ್ತೆ ಎಂದು ತವರಿಗೆ ಹೋದಾಗಲೆಲ್ಲ ನಿಮ್ಮ ಕಥೆ ಹೇಳಿ ನಗಿಸುತ್ತಿದ್ದೆ.

ಇನ್ನೊಂದು ನಿಯಮವೂ ನಿಮ್ಮದೇ. ಗಂಟೆಯ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಹೆಡ್ ಮಿಸ್ಟ್ರೆಸ್ ಆದೇಶಕ್ಕೆ ನಾಲ್ಕು ಮೂಲೆಗೂ ಪಿನ್ನು. ನೀವು ರಜೆ ಹಾಕಿದಾಗ ಪ್ರಭಾರ ನೋಡಿಕೊಳ್ಳುವವರು ಏನಾದರೂ ಬರೆದರೆ, ಅದು ಚಿಕ್ಕಕ್ಷರದಲ್ಲಿರಬೇಕು, ನೆತ್ತಿಗೆ ಒಂದೇ ಪಿನ್ನು. ನೀವು ಬಂದ ದಿನ ಸುಲಭವಾಗಿ ಕಿತ್ತು ಹಾಕಲು. ಎರಡು ದಿನದ ರಜೆಗೆಂದು ಮಾಡಿದ ಏರ್ಪಾಡು ಅದು. ನಿಮ್ಮ ನಂತರ ಬಂದವರು ಬೇರೆ ಶಾಲೆ ನೋಡಿಕೊಂಡು ಹೋದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಪ್ರಭಾರಕ್ಕೆ ಕೂರಿಸಿದರಲ್ಲ, ಅಂದಿನಿಂದ ನಾನು ಒಂದೇ ಪಿನ್ನಿನಲ್ಲಿ ನೇತಾಡುತ್ತಿದ್ದೇನೆ. ಫ್ಯಾನ್ ಹಾಕಿದರೆ ನನ್ನ ಕಾಗದಗಳು ತಲೆಕೆಳಗಾಗಿ ಗೋಡೆಗೆ ಮುಖ ಮಾಡುತ್ತವೆ. ಟೀಚರುಗಳ ಕೋಣೆಯಲ್ಲಿ ನನಗೆ 'ಒಂಟಿಪಿನ್ನು' ಎಂದು ಹೆಸರಿದೆ. ನನಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂತು, ಆದರೆ ನಿಮ್ಮ ಪಿನ್ನಿನ ಲೆಕ್ಕ ಹಿಡಿದುಕೊಂಡೇ ಬಂತು.

ಬಿರುಕು ಕಂಡದ್ದು ಒಂದು ಬೆಳಿಗ್ಗೆ, ಎರಡನೇ ತರಗತಿಯಲ್ಲಿ ಪದ್ಯ ಕೇಳಲು ಹೋದಾಗ. ಮೊದಲು ಕೂದಲೆಳೆ ಎಂದುಕೊಂಡೆ. ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ಚಾವಣಿಗೆ ಹತ್ತಿತ್ತು. ಅದರ ನೇರಕ್ಕೆ ಮೇಲೆ, ತಾರಸಿಯಲ್ಲಿ, ಕಾರ್ಯದರ್ಶಿಗಳು ಹೋದ ವರ್ಷ ದಾನ ಕೊಟ್ಟ ಎರಡು ನೀರಿನ ಟ್ಯಾಂಕುಗಳಿವೆ. ನೀವು ಅವನ್ನು ನೋಡಿಲ್ಲ. ರಸ್ತೆಯ ತಿರುವಿನಿಂದಲೇ ಓದಬಹುದು, ಅವುಗಳ ಮೇಲೆ ಬರೆಸಿರುವ ಅವರ ಹುದ್ದೆ ಅಷ್ಟು ದೊಡ್ಡಕ್ಷರದಲ್ಲಿದೆ. ನೀರು ತುಂಬಿದಾಗ ಅವುಗಳ ಭಾರವೆಲ್ಲ ಆ ಹಳೆಯ ಗೋಡೆಯ ಮೇಲೆ ಬೀಳುತ್ತದೆ.

ನಮ್ಮಪ್ಪ ಹಳೆಯ ಮನೆಯ ಗೋಡೆ ಬಾಯಿ ಬಿಟ್ಟಾಗ ಅದಕ್ಕೆ ಅಡ್ಡಲಾಗಿ ತೆಳು ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಗೋಡೆ ಸುಮ್ಮನಿದ್ದರೆ ಕಾಗದ ಸುಮ್ಮನಿರುತ್ತದೆ, ಗೋಡೆ ಸರಿದರೆ ಕಾಗದ ಹರಿಯುತ್ತದೆ. ನಾನೂ ಹಾಗೇ ಮಾಡಿದೆ. ಮಕ್ಕಳು ಕೇಳಿದ್ದಕ್ಕೆ ಗೋಡೆಗೆ ಗಾಯವಾಗಿದೆ, ಪಟ್ಟಿ ಹಾಕಿದ್ದೇನೆ ಎಂದೆ. ಅವರಿಗೆ ಸಂತೋಷವಾಯಿತು. ಆ ವಾರ ಪ್ರತಿ ಬೆಳಿಗ್ಗೆ ಗಂಟೆಗೆ ಮೊದಲೇ ಮೆಟ್ಟಿಲು ಹತ್ತಿ ಹೋಗಿ ನೋಡುತ್ತಿದ್ದೆ. ಒಂದು ದಿನ ಕಾಗದ ಹರಿದಿತ್ತು. ಅಂಟು ಸರಿಯಿಲ್ಲವೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇನ್ನೊಂದು ಅಂಟಿಸಿದೆ. ಅದೂ ಹರಿಯಿತು.

ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರು ಕೆಟ್ಟವರೇನಲ್ಲ ಅತ್ತೆ, ನೀವೇ ಹೇಳುತ್ತಿದ್ದಿರಿ, ಹೊಗಳಿದರೆ ಹಾಲು, ತೆಗಳಿದರೆ ಮೊಸರು ಅಂತ. ಕುರ್ಚಿ ಕೊಟ್ಟು ಕೂರಿಸಿ, ಟೀ ತರಿಸಿದರು. "ಮೇಡಂ, ಮುಖ ಅಂದ್ಮೇಲೆ ಸುಕ್ಕು, ಗೋಡೆ ಅಂದ್ಮೇಲೆ ಬಿರುಕು. ಹೊಸ ಮಕ್ಕಳನ್ನ ಸೇರಿಸ್ಕೊಳ್ಳೋ ಕಾಲ ಇದು. ಈಗ ಕೋಣೆ ಮುಚ್ಚಿದ್ರೆ ಊರೆಲ್ಲ ಏನನ್ನುತ್ತೆ? ದೊಡ್ಡ ರಜೆ ಬರಲಿ, ಇಂಜಿನಿಯರನ್ನ ಕರೆಸೋಣ" ಎಂದರು. ಟ್ಯಾಂಕನ್ನಾದರೂ ಖಾಲಿ ಮಾಡಿಸೋಣವೇ ಎಂದೆ. ಅವರ ನಗು ಅಲ್ಲಿಗೆ ನಿಂತಿತು. "ನೀವು ಪ್ರಭಾರ. ಮನವಿ ಕೊಡಿ, ಆದೇಶ ನಾವು ಮಾಡ್ತೀವಿ. ಕಾಯಂ ಹೆಡ್ ಮಿಸ್ಟ್ರೆಸ್ ಯಾರು ಅಂತ ಸಮಿತಿ ಇದೇ ತಿಂಗಳು ತೀರ್ಮಾನ ಮಾಡುತ್ತೆ. ನಿಮ್ಮ ಹೆಸರೇ ಮೇಲಿದೆ. ದೊಡ್ಡಕ್ಷರ ಬೇಕೋ ಬೇಡ್ವೋ ನೀವೇ ಯೋಚ್ನೆ ಮಾಡಿ" ಎಂದರು. ಹೆದರಿದವಳ ಮೇಲೆ ಹಾವು ಎಸೆದ ಹಾಗಾಯಿತು. ಟೀ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ನನ್ನಿಂದಾದಷ್ಟು ಮಾಡೋಣವೆಂದು ಚಿಕ್ಕಕ್ಷರದಲ್ಲಿ, 'ಎರಡನೇ ತರಗತಿಯನ್ನು ಕೆಳಗಿನ ಗ್ರಂಥಾಲಯಕ್ಕೆ ಸ್ಥಳಾಂತರಿಸಿದರೆ ಒಳ್ಳೆಯದು' ಎಂದು ಬರೆದು ಒಂದು ಪಿನ್ನಿನಲ್ಲಿ ನೇತು ಹಾಕಿದೆ. ಒಳ್ಳೆಯದು! ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ತರಗತಿಯ ಟೀಚರ್ ನಿಮಗೆ ಗೊತ್ತು, ನಿಮ್ಮ ಕಾಲದಿಂದಲೂ ಇರುವವರು, ಮಕ್ಕಳು ಅವರನ್ನು 'ಸುಣ್ಣದ ಮಿಸ್' ಎನ್ನುತ್ತಾರೆ, ಯಾವಾಗಲೂ ಕೈಯೆಲ್ಲ ಸೀಮೆಸುಣ್ಣ. ಅವರು ನನ್ನನ್ನು ಮೂಲೆಗೆ ಕರೆದು, "ನೀನು ಹೇಳೋದು ಸರಿ ಕಣಮ್ಮ. ಆ ಗೋಡೆಗೆ ಬೆನ್ನು ಹಾಕಿ ಪಾಠ ಮಾಡೋಕೆ ನಂಗೂ ಮೈ ಜುಮ್ಮನ್ನುತ್ತೆ. ಆದ್ರೆ ನಾನು ನಿವೃತ್ತಿ ಬಾಗಿಲಲ್ಲಿದ್ದೀನಿ. ಒಂದು ಪಿನ್ನಿನ ಮಾತು ಕೇಳಿ ತರಗತಿ ಎಬ್ಬಿಸಿದ್ರೆ ನಾಳೆ ನನ್ನನ್ನ ಹಿಡ್ಕೋತಾರೆ. ನಾಲ್ಕು ಪಿನ್ನಿಂದು ಹಾಕು, ಈಗ್ಲೇ ಇಳಿಸ್ತೀನಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನೀವು ಹೇಳಿದ್ದೂ ಅದೇ ಅಲ್ಲವೇ, ಯಾರನ್ನು ಹಿಡಿಯಬೇಕು ಎಂದು ದೂರದಿಂದಲೇ ಕಾಣಬೇಕು ಅಂತ. ನನ್ನ ಕಾಗದದಲ್ಲಿ ಹಿಡಿಯಲು ಯಾರೂ ಇರಲಿಲ್ಲ.

ಆಗ ನಿಮ್ಮ ಮೇಲೆ ಕೋಪ ಬಂತು ಅತ್ತೆ. ಹೇಳಿಬಿಡುತ್ತೇನೆ. ಎಂಥ ಏರ್ಪಾಡು ಮಾಡಿಟ್ಟು ಹೋದಿರಿ, ನಿಮ್ಮ ರಜೆಯ ಚಿಂತೆಗೆ! ನೀವಿಲ್ಲದಾಗ ಗೋಡೆ ಬೀಳಬಹುದು ಎಂದು ನಿಮಗೆ ಒಮ್ಮೆಯೂ ಹೊಳೆಯಲಿಲ್ಲವೇ?

ಗುರುವಾರ ಬೆಳಿಗ್ಗೆ ಪುಟ್ಟಿಗೆ ಬೂಟು ಹಾಕುತ್ತಾ ಕೂತಿದ್ದೆ. ಲೇಸು ಕೈಯಲ್ಲೇ ಇತ್ತು. "ಹೊಟ್ಟೆ ನೋಯ್ತಿದೆಯಾ ಪುಟ್ಟಿ?" ಎಂದು ಕೇಳಿದೆ. ಅವಳು ಇಲ್ಲ ಎಂದಳು. "ಸ್ವಲ್ಪವೂ ಇಲ್ವಾ? ಮೈ ಬಿಸಿ ಇದೆಯಲ್ಲ" ಎಂದೆ. ಮೈ ತಣ್ಣಗೇ ಇತ್ತು. ಅವಳು ನನ್ನ ಮುಖವನ್ನೇ ನೋಡಿ, "ಇಲ್ಲಮ್ಮ, ಇವತ್ತು ಕಿಟಕಿ ಪಕ್ಕ ಕೂರೋದು ನನ್ನ ಸರದಿ. ನಾಳೆ ಬೇಕಾದ್ರೆ ಹೊಟ್ಟೆ ನೋಯಿಸ್ಕೋತೀನಿ" ಎಂದಳು. ಕಿಟಕಿ ಪಕ್ಕ ಎಂದರೆ ಬಿರುಕಿನ ಕೆಳಗೆ. ನಾಳೆ ಆ ಜಾಗದಲ್ಲಿ ಇನ್ನೊಬ್ಬಳ ಮಗಳು ಇರುತ್ತಾಳೆ. ಅವಳ ತಾಯಿಗೆ ಹೊಟ್ಟೆನೋವು ಬರಿಸಬೇಕೆಂಬುದೇ ಗೊತ್ತಿರುವುದಿಲ್ಲ. ನನ್ನ ಭಯ ಎಂಥದ್ದು ಎಂದು ನನಗೆ ಆಗ ಕಂಡಿತು, ನಾಚಿಕೆಯೂ ಆಯಿತು. ಲೇಸು ಕಟ್ಟಿ, ಅವಳ ಕೈ ಹಿಡಿದು ಶಾಲೆಗೆ ಹೊರಟೆ.

ಕಚೇರಿಗೆ ಹೋಗಿ, ಬಾಗಿಲು ಹಾಕಿಕೊಂಡು, ಟೈಪ್ ಮಾಡಲು ಕೂತೆ. ಮೇಲೆ ಎರಡನೇ ತರಗತಿಯವರು ಬೆಂಚು ಎಳೆಯುವ ಸದ್ದು ಬರುತ್ತಿತ್ತು. ಪ್ರತಿ ಸದ್ದಿಗೂ ಬೆಚ್ಚುತ್ತಿದ್ದೆ. ಕೋಣೆಯನ್ನು ಈ ಕ್ಷಣದಿಂದ ಮುಚ್ಚಲಾಗಿದೆ, ಟ್ಯಾಂಕುಗಳನ್ನು ಖಾಲಿ ಮಾಡತಕ್ಕದ್ದು. 'ಒಳ್ಳೆಯದು' ಗಿಳ್ಳೆಯದು ಏನೂ ಇಲ್ಲ. ಕೊನೆಗೆ ಸಹಿಯ ಜಾಗ ಬಂತು. ದೊಡ್ಡಕ್ಷರದ ಗುಂಡಿ ಒತ್ತಿ ಹಿಡಿದ ಎಡಗೈ ಕಿರುಬೆರಳು ಮರಗಟ್ಟಿದ ಹಾಗಿತ್ತು. ಹೆಡ್ ಮಿಸ್ಟ್ರೆಸ್, ಇಡೀ ಪದ, ನಿಮ್ಮದು ಇರುತ್ತಿದ್ದ ಹಾಗೆಯೇ. ಪ್ರಭಾರ ಎಂಬ ಪದವನ್ನು ಬರೆಯಲಿಲ್ಲ. ಅದರ ಮೇಲೆ ನನ್ನ ಹೆಸರು ಬರೆದೆ. ಡಬ್ಬಿಯಲ್ಲಿ ಮೂರೇ ಪಿನ್ನು ಉಳಿದಿದ್ದವು. ನಾಲ್ಕನೆಯದನ್ನು ಬೋರ್ಡಿನಲ್ಲಿ ತೂಗಾಡುತ್ತಿದ್ದ ನನ್ನದೇ ಹಳೆಯ ಕಾಗದದಿಂದ ಕಿತ್ತುಕೊಂಡೆ.

ಸುಣ್ಣದ ಮಿಸ್ ಕಾಗದವನ್ನು ಓದಲೂ ಇಲ್ಲ, ಮೂಲೆಗಳನ್ನು ಮಾತ್ರ ನೋಡಿದರು. ಆಮೇಲೆ ನನ್ನ ಮುಖ ನೋಡಿ ಮಹಡಿ ಹತ್ತಿದರು. ಮಕ್ಕಳು ನೀರಿನ ಬಾಟಲಿ ಕುಣಿಸುತ್ತಾ ಸಾಲಾಗಿ ಇಳಿದು ಬಂದರು, ಅವರಿಗೆ ಅದು ಪ್ರವಾಸ. ಕೊನೆಯ ಮಗುವಿನ ಕಾಲು ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಬರುವವರೆಗೆ ನಾನು ಕೆಳಗೆ ನಿಂತು ತಲೆ ಎಣಿಸಿದೆ. ಗಂಟೆ ಹೊಡೆಯುವಾತ ತಾರಸಿಗೆ ಹೋಗಿ ಟ್ಯಾಂಕಿನ ತಳದ ತಿರುಪು ಬಿಚ್ಚಿದ. ಕಾರ್ಯದರ್ಶಿಗಳ ದಾನವೆಲ್ಲ ಕೊಳವೆಯಲ್ಲಿ ಇಳಿದು ಅಂಗಳದ ತುಂಬ ಹರಿಯಿತು. ಮಕ್ಕಳೆಲ್ಲ ಕಾಗದದ ದೋಣಿ ಬಿಟ್ಟರು. ನಿಮ್ಮ ಮೊಮ್ಮಗಳು ಮಾತ್ರ ಮುಖ ಊದಿಸಿಕೊಂಡು, "ನನ್ನ ಕಿಟಕಿ ಸರದಿ ಹಾಳ್ಮಾಡಿದೆ" ಎಂದು ದಿನವಿಡೀ ನನ್ನೊಡನೆ ಟೂ ಬಿಟ್ಟಿದ್ದಳು.

ನೀರು ಹರಿದ ಸುದ್ದಿ ನೀರಿಗಿಂತ ಬೇಗ ಹರಿಯಿತು. ಕಾರ್ಯದರ್ಶಿಗಳು ಬಂದರು. ನೇರ ಮಹಡಿಗೆ ಹೋಗಿ, ಬೀಗ ತೆಗೆಸಿ, ಬಿರುಕಿನ ಕೆಳಗೆ ನಿಂತು ನನ್ನನ್ನು ಕರೆಸಿದರು. "ಬನ್ನಿ ಮೇಡಂ, ಇಲ್ಲೇ ನಿಂತ್ಕೊಳ್ಳಿ. ಬಿತ್ತಾ? ಎಲ್ಲಿ ಬಿತ್ತು?" ನಾನು ಹೋಗಿ ಅವರ ಪಕ್ಕ ನಿಂತೆ. ಹೋಗಬಾರದಿತ್ತು. ಅವರು ಬೈಯುತ್ತಿದ್ದಾಗ ಚಾವಣಿಯ ಕಡೆಯಿಂದ ಚಿಟಿಕೆ ಪುಡಿ ಉದುರಿ ಅವರ ಕೋಟಿನ ಭುಜದ ಮೇಲೆ ಕೂತಿತು. ಇಬ್ಬರೂ ಅದನ್ನು ನೋಡಿದೆವು. ಅವರು ಅದನ್ನು ಕೊಡವಿಕೊಳ್ಳಲಿಲ್ಲ. ಮಾತು ಮುಂದುವರಿಸುತ್ತಲೇ ಒಂದು ಹೆಜ್ಜೆ ಬಾಗಿಲ ಕಡೆ ಸರಿದರು, ನಾನೂ ಸರಿದೆ.

ಕೆಳಗೆ ಬಂದು ಬೋರ್ಡಿನ ಮುಂದೆ ನಿಂತು, "ಈ ದೊಡ್ಡಕ್ಷರ ನಿಮಗೆ ಯಾರು ಕೊಟ್ಟಿದ್ದು?" ಎಂದು ಕೇಳಿದರು. ಕಾನೂನು, ಕರ್ತವ್ಯ ಎಂದೆಲ್ಲ ಏನಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಒಂದೇ: "ಹೆದರಿಕೆ ಸರ್." ಅವರು ಕಾಗದವನ್ನು ಹರಿಯಲಿಲ್ಲ. ಮೂರು ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡರು, ಮೇಲಿನ ಒಂದು ಮೂಲೆಯದನ್ನು ಹಾಗೇ ಬಿಟ್ಟರು. ಸೋಮವಾರ ಮಕ್ಕಳು ಮೇಲೆ ಇರಬೇಕು, ಟ್ಯಾಂಕು ತುಂಬಿರಬೇಕು, ಮಧ್ಯಾಹ್ನ ನಾನು ಸಮಿತಿಯ ಮುಂದೆ ನಿಂತಿರಬೇಕು. ಹೀಗೆ ಹೇಳಿ ಹೊರಟು ಹೋದರು. ನಾನು ಕೋಣೆಗೆ ಮತ್ತೆ ಬೀಗ ಹಾಕಿಸಿ ಬೀಗದ ಕೈ ನನ್ನ ಹತ್ತಿರವೇ ಇಟ್ಟುಕೊಂಡೆ.

ಶುಕ್ರವಾರ ಒಂದೇ ಪಿನ್ನಿನಲ್ಲಿ ಅದು ಇಡೀ ದಿನ ಅಲ್ಲಾಡಿತು. ನಾನು ಆ ಕಡೆ ನೋಡದೆ ಓಡಾಡಿದೆ. ಶನಿವಾರ ಬೆಳಿಗ್ಗೆ ಹೋದರೆ ಕಾಗದ ನೆಟ್ಟಗೆ ನಿಂತಿದೆ. ಕೆಳಗಿನ ಎರಡು ಮೂಲೆಗೆ ಹೊಲಿಗೆ ಪೆಟ್ಟಿಗೆಯ ಗುಂಡುತಲೆಯ ಪಿನ್ನು, ಒಂದು ಹಸಿರು, ಒಂದು ಹಳದಿ. ಮೇಲೆ ಖಾಲಿಯಿದ್ದ ಮೂಲೆಗೆ ಬಟ್ಟೆಗೆ ಚುಚ್ಚುವ ಪಿನ್ನೊಂದನ್ನು ಬಿಡಿಸಿ ಒತ್ತಿದ್ದರು, ಅದರ ಮೇಲೆ ಸೀಮೆಸುಣ್ಣದ ಬೆರಳಿನ ಗುರುತಿತ್ತು. ಮಕ್ಕಳು ಗ್ರಂಥಾಲಯದ ನೆಲದ ಮೇಲೆ ಕೂತು ಮಗ್ಗಿ ಹೇಳಿದರು. ಕಚೇರಿಗೆ ಹೋಗಿ ನಾನು ಅತ್ತುಬಿಟ್ಟೆ, ಎಷ್ಟು ಹೊತ್ತು ಎಂದು ಕೇಳಬೇಡಿ.

ಈಗ ನಿಜವಾದ ಹೆದರಿಕೆಯನ್ನು ಹೇಳುತ್ತೇನೆ, ನಿಮ್ಮ ಮಗನಿಗೂ ಹೇಳಿಲ್ಲ. ಅವರು "ಅಮ್ಮ ಆಗಿದ್ರೆ ಏನ್ಮಾಡ್ತಿದ್ರೋ ಅದನ್ನೇ ಮಾಡು" ಎಂದು ಹೇಳಿ ನಿದ್ದೆ ಹೋಗಿದ್ದಾರೆ, ಅವರಿಗೆ ನಿದ್ದೆ ಬರುತ್ತದೆ. ನಿನ್ನೆಯಿಂದ ನಾನು ಆ ಗೋಡೆ ಬೀಳಲಿ ಎಂದು ಬಯಸುತ್ತಿದ್ದೇನೆ. ಖಾಲಿ ಕೋಣೆ, ಭಾನುವಾರ, ಯಾರಿಗೂ ಏನೂ ಆಗುವುದಿಲ್ಲ. ಬಿದ್ದರೆ ನಾನು ಗೆದ್ದೆ. ಬೀಳದಿದ್ದರೆ ನಾನು ಹುಚ್ಚಿ, ಹುದ್ದೆಗೆ ಆಸೆಪಟ್ಟು ದೊಡ್ಡಕ್ಷರ ಕದ್ದವಳು. ಇವತ್ತು ಬೆಳಿಗ್ಗೆ ಶಾಲೆಯ ಗೇಟಿನವರೆಗೆ ಹೋಗಿ ಬಂದೆ. ಗೋಡೆ ನಿಂತಿತ್ತು. ಅದನ್ನು ಕಂಡು ಒಂದು ಗಳಿಗೆ ನನಗೆ ನಿರಾಸೆಯಾಯಿತು. ಮಕ್ಕಳ ಶಾಲೆಯ ಗೋಡೆ ನಿಂತಿದೆ ಎಂದು ನಿರಾಸೆ! ಹೀಗೆ ಬಯಸುವವಳ ಕೈಗೆ ಆ ಹುದ್ದೆ ಕೊಡಬಹುದೇ? ಗೋಡೆಗಿಂತ, ಸಮಿತಿಗಿಂತ, ಈಗ ನನಗೆ ನನ್ನದೇ ಭಯ.

ಇದು ನಿಮ್ಮ ಕೈ ಸೇರುವ ಹೊತ್ತಿಗೆ ಸೋಮವಾರ ಕಳೆದು ಹೋಗಿರುತ್ತದೆ. ಆದ್ದರಿಂದ ಏನು ಮಾಡಲಿ ಎಂದು ಕೇಳುತ್ತಿಲ್ಲ. ಆ ಕೋಣೆಯ ಬೀಗದ ಕೈ ನನ್ನ ಹತ್ತಿರ ಇದೆ, ಈ ಪತ್ರ ಬರೆಯುವಾಗಲೂ ಮಡಿಲಲ್ಲೇ ಇದೆ. ನಾಳೆ ಕೊಡುವುದಿಲ್ಲ. ಗೋಡೆ ಬಲ್ಲ ಇಂಜಿನಿಯರು ಬಂದು, ನೋಡಿ, ಕೂರಬಹುದು ಎಂದು ಬರೆದು ತನ್ನ ಹುದ್ದೆಯನ್ನು ದೊಡ್ಡಕ್ಷರದಲ್ಲಿ ಹಾಕಿ ಸಹಿ ಮಾಡಲಿ, ಆಗ ಕೊಡುತ್ತೇನೆ. ಸಮಿತಿಯ ಮುಂದೆ ಇದನ್ನೇ ಹೇಳುತ್ತೇನೆ. ಧ್ವನಿ ನಡುಗುತ್ತದೆ, ನಡುಗಲಿ. ಆಮೇಲೆ ಒಂದು ಪಿನ್ನೂ ಉಳಿಯದೆ ಇರಬಹುದು.

ಆ ಆದೇಶದ ಪ್ರತಿಯೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಕೆಂಪು ಪೆನ್ಸಿಲು ತೆಗೆದುಕೊಂಡು ನೋಡಿ. ಕೊನೆಯ ಪದವನ್ನು ದೊಡ್ಡಕ್ಷರದಲ್ಲಿ ಬರೆದದ್ದು ತಪ್ಪಾಗಿದ್ದರೆ ಸುತ್ತು ಹಾಕಿ ಕಳಿಸಿ. ಸರಿಯಾದದ್ದಕ್ಕೆ ಗುರುತು ಹಾಕುವವರಲ್ಲ ನೀವು, ಅದು ಗೊತ್ತು. ಏನೂ ಬರೆಯದೆ ಹಾಗೇ ವಾಪಸು ಬಂದರೆ, ಅದನ್ನು ಎದೆಗೊತ್ತಿಕೊಂಡು ಮಲಗುತ್ತೇನೆ. ಪುಣ್ಯಕ್ಕೆ ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದಿಲ್ಲ. ಈ ಪತ್ರದಲ್ಲಿ ನೀವೂ ನಾನೂ ಪುಟ್ಟಿಯೂ ಒಂದೇ ಎತ್ತರ.

ಪ್ರತಿ ಸಲ ಪತ್ರದ ಕೊನೆಗೆ ನನಗೆ ಆಶೀರ್ವಾದ ಮಾಡಿ ಎಂದು ಬರೆಯುತ್ತಿದ್ದೆ. ಈ ಸಲ ನನಗೆ ಬೇಡ. ಆ ಗೋಡೆಗೆ ಮಾಡಿ ಅತ್ತೆ. ನನ್ನ ಮಾತು ಸುಳ್ಳಾದರೂ ಆಗಲಿ, ಅದು ನಿಂತಿರಲಿ.

ನಿಮ್ಮ ಕಾಲಿಗೆ ನಮಸ್ಕರಿಸುವ,
ನಿಮ್ಮ ಸೊಸೆ